ದೋಣ್ಯಾಗ ‘ಜರಾ ಸರೀರಿ’ ಅನಬ್ಯಾಡ್ರಿ: ಮೀನುಗಾರರ ದೋಣಿಗೆ ಅತಿಥಿಯಾಗಿ ಹೋಗೋ ಮುಂಚೆ

(ಈ ವಾರದ ಸಂಚಿಕೆಯ ಪೂರ್ತಿ ಮಾತು, ಬರಹರೂಪದಲ್ಲಿ)

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಎಲ್ಲೇ ಕುಂತು ಕೇಳಾಕತ್ತಿದ್ರೂ ಇವತ್ತ ನಿಮ್ಮನ್ನ ಒಂದು ಹತ್ತು ನಿಮಿಷ ಸಮುದ್ರದ ಕಡೆ ಕರಕೊಂಡು ಹೋಗ್ತೀನಿ.

‘ನಮ್ಮ ಜಿಲ್ಲಾಕ್ಕ ಸಮುದ್ರ ಎಲ್ಲೈತ್ರಿ?’ ಅಂತ ಕೇಳ್ತೀರಿ. ಇಲ್ಲ, ಖರೆ. ಆದ್ರ ಧಾರವಾಡದಾಗ ಹುಟ್ಟೋ ಶಾಲ್ಮಲಾ ಕಲಘಟಗಿ ಕಡೆ ಹರಿದು ಬೇಡ್ತಿ ಸೇರತೈತಿ. ಅದೇ ಬೇಡ್ತಿ ಘಟ್ಟ ಇಳಿದು ಗಂಗಾವಳಿ ಅನಿಸಿಕೊಂಡು ಅಂಕೋಲಾ–ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರತೈತಿ. ನೀರು ಹೋದ ದಾರಿಯಲ್ಲೇ ನಾವೂ ಹೋಗ್ತೀವಿ: ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಸುಗ್ಗಿ ಮುಗಿದ ಮ್ಯಾಲೆ, ಪರೀಕ್ಷೆ ಮುಗಿದ ಮ್ಯಾಲೆ ಹತ್ತು ಮಂದಿ ಗೆಳೆಯರು ಒಂದು ಕ್ರೂಸರ್ ಮಾಡಿಕೊಂಡು ಕಾರವಾರ, ಗೋಕರ್ಣ, ಮುರುಡೇಶ್ವರ ಅಂತ ಹೊಂಡೋದು ಈಗ ಮಾಮೂಲು. ಅಲ್ಲಿ ಯಾರೋ ಒಬ್ಬ ದೋಸ್ತ ಇರ್ತಾನ. ಹುಬ್ಬಳ್ಳ್ಯಾಗ ಕೂಡಿ ಓದಿದಾಂವ, ಇಲ್ಲಾ ಗೋವಾದಾಗ ಕೂಡಿ ದುಡದಾಂವ. ‘ಬನ್ನಿ, ನಮ್ಮ ಬೋಟಲ್ಲಿ ಕರ್ಕೊಂಡು ಹೋಗ್ತೇನೆ’ ಅಂತಾನ. ಅಲ್ಲಿಗೆ ನಾವು ಪ್ರವಾಸಿಗರಲ್ಲ, ಮೀನುಗಾರರ ದೋಣಿಯ ಅತಿಥಿ ಆದ್ವಿ.

ಇವತ್ತಿನ ಮಾತು ಇಷ್ಟೇ: ನಾವು ನೆಲದ ಮ್ಯಾಲೆ ಕಲಿತ ಮರ್ಯಾದೆ ನೀರಿನ ಮ್ಯಾಲೆ ಹಂಗ ನಡೆಯೋದಿಲ್ಲ. ಕೆಲವೊಂದನ್ನ ಉಲ್ಟಾ ಮಾಡಬೇಕಾಗತೈತಿ.

ಮೊದಲನೇದು, ‘ಜರಾ ಸರೀರಿ’.

ನಮ್ಮ ಕಡೆ ಬಸ್ಸಿನಾಗ ಮೂರು ಮಂದಿ ಸೀಟಿನ್ಯಾಗ ನಾಕು ಮಂದಿ ಕೂಡೋದು ಮನುಷ್ಯತ್ವ. ಟ್ರ್ಯಾಕ್ಟರ್ ಟ್ರೇಲಿಯಾಗ ಊರಿಗೆ ಊರೇ ಜಾತ್ರಿಗೆ ಹೋಗತೈತಿ. ‘ಹೊಂದಿಕೊಂಡು ಹೋಗೂಣು’ ಅಂತೀವಿ. ದೋಣ್ಯಾಗ ಈ ಹೊಂದಾಣಿಕೆಯೇ ಜೀವ ತೆಗೀತೈತಿ.

2019ರ ಜನವರಿ 21 ನೆನಪಿಸಿಕೊಳ್ರಿ. ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದಾಗ ನರಸಿಂಹ ದೇವರ ಜಾತ್ರಿ. ಜಾತ್ರೆ ಮುಗಿಸಿಕೊಂಡು ವಾಪಸ್ ಬರೋವಾಗ ಜನರಿದ್ದ ಒಂದು ದೋಣಿ ಮಗುಚಿತು. 16 ಜನ ತೀರಿಕೊಂಡರು, ಅದರಾಗ ಮಕ್ಕಳೂ ಇದ್ದರು. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯವರು. ಹಾವೇರಿ ಅಂದ್ರ ಯಾರ್ರೀ? 1997ರ ತನಕ ನಮ್ಮದೇ ಜಿಲ್ಲಾ. ಕುಂದಗೋಳ ದಾಟಿದ್ರ ಶಿಗ್ಗಾವಿ ತಾಲೂಕು. ನಮ್ಮಂಗ ಎರಿಹೊಲದ ಮಂದಿ, ನಮ್ಮಂಗ ವರ್ಷಕ್ಕೊಮ್ಮೆ ಸಮುದ್ರ ನೋಡೋ ಮಂದಿ. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು ಅಂತ ಆಗ ವರದಿಯಾಗಿತ್ತು.

ಅದು ಮೀನು ಹಿಡಿಯೋ ಟ್ರಿಪ್ ಅಲ್ಲ, ಗೊತ್ತು. ಆದ್ರ ಪಾಠ ಒಂದೇ. ದೋಣಿ ತುಂಬೈತಿ ಅನಿಸಿದ್ರ ಹತ್ತಬ್ಯಾಡ್ರಿ. ‘ಎಲ್ಲಾರೂ ಹತ್ಯಾರ, ನಾ ಒಬ್ಬಾಂವ ಹೆಂಗ ಬ್ಯಾಡ ಅನ್ಲಿ’ ಅನ್ನೋ ನಾಚಿಕೆ ಬ್ಯಾಡ. ಹತ್ತು ಮಂದಿ ಬಂದೀರಿ, ದೋಸ್ತ ‘ನಾಕು ಮಂದಿ ಅಷ್ಟೇ’ ಅಂದ್ರ ನಾಕೇ ಮಂದಿ. ಉಳಿದವರು ದಂಡಿ ಮ್ಯಾಲೆ ಚಾ ಕುಡೀರಿ. ಕರದವನಿಗೆ ‘ಇನ್ನಿಬ್ಬರನ್ನ ಹಾಕ್ಕೊ’ ಅಂತ ಗಂಟು ಬೀಳೋದು ಗೆಳೆತನ ಅಲ್ಲ.

ಕೂತ ಮ್ಯಾಲೆ ಕೂತ ಜಾಗ ಬಿಡಬ್ಯಾಡ್ರಿ. ಕಾರವಾರದ ಕಡೆ ಡಾಲ್ಫಿನ್ ಕಾಣ್ತಾವ. ‘ಅಲ್ನೋಡಲೇ!’ ಅಂತ ಒಬ್ಬಾಂವ ಅಂದ ಕೂಡಲೇ ಎಲ್ಲಾರೂ ಮೊಬೈಲ್ ಹಿಡಕೊಂಡು ಒಂದೇ ಬಾಜೂಕ್ಕ ಓಡ್ತೀವಿ. ಸಣ್ಣ ದೋಣಿ ಅಷ್ಟಕ್ಕೇ ವಾಲತೈತಿ. ಚಕ್ಕಡಿಗೆ ಹಿಂದ ಭಾರ ಆದ್ರ ನೊಗ ಮ್ಯಾಲೆ ಏಳೂದಿಲ್ಲೇನು? ಅದೇ ಲೆಕ್ಕ. ಆದ್ರ ಇಲ್ಲಿ ಕೆಳಗ ನೆಲ ಇಲ್ಲ. ಲೈಫ್ ಜಾಕೆಟ್ ಕೈಯಾಗ ಹಿಡಕೊಳ್ಳೋದಲ್ಲ, ತೊಡೆ ಮ್ಯಾಲೆ ಇಟ್ಕೊಳ್ಳೋದಲ್ಲ, ಹಾಕ್ಕೊಂಡು ಬಕಲ್ ಬಿಗಿ ಮಾಡ್ರಿ. ಫೋಟೋದಾಗ ಅಂಗಿ ಕಾಣಲಿಲ್ಲ ಅಂದ್ರೂ ಅಡ್ಡಿ ಇಲ್ಲ.

ಎರಡನೇದು, ಸಂಕೋಚ.

ನಮ್ಮ ಕಡೆ ಬೀಗರ ಮನಿಗೆ ಹೋದ್ರ ತ್ರಾಸು ಹೇಳೂದಿಲ್ಲ. ಹೊಟ್ಟಿ ನೋವಾದ್ರೂ ‘ಆರಾಮ ಅದೀನ್ರಿ’ ಅಂತೀವಿ. ದೋಣ್ಯಾಗ ಹಂಗ ಸುಮ್ನಿರೋದು ತಪ್ಪು. ಈಜು ಬರೂದಿಲ್ಲ ಅಂದ್ರ ಹತ್ತೋ ಮುಂಚೇನ ಹೇಳ್ರಿ. ಫಿಟ್ಸ್, ಉಬ್ಬಸ, ಸಕ್ಕರೆ ಕಾಯಿಲೆ ಇದ್ರ ಹೇಳ್ರಿ. ಸಣ್ಣ ದೋಣಿಯಲ್ಲಿ ಶೌಚಾಲಯ ಇರೂದಿಲ್ಲ. ಎಷ್ಟು ತಾಸಿಗೆ ವಾಪಸ್ ಅಂತ ಮೊದಲೇ ಕೇಳಿ ತಿಳ್ಕೊಳ್ರಿ, ಹೆಣ್ಣುಮಕ್ಕಳು ಜೊತೆಗಿದ್ರಂತೂ ಕೇಳಲೇಬೇಕು.

ಎಲ್ಲಕ್ಕಿಂತ ಮುಖ್ಯ, ಎಂಥಾ ದೋಣಿ ಅಂತ ಕೇಳ್ರಿ. ನಾಡದೋಣಿ ಅಂದ್ರ ಬೆಳಗಿನ ಜಾವ ಹೋಗಿ ಕೆಲವು ತಾಸಿಗೆ ಬರಬಹುದು. ಪರ್ಸಿನ್ ಬೋಟಿನಾಗ 25–30 ಮಂದಿ ದುಡೀತಾರ. ಆಳ ಸಮುದ್ರದ ಟ್ರಾಲ್ ಬೋಟ್ ಹೋದ್ರ ಎಂಟು–ಹತ್ತು ದಿನ ದಂಡಿ ಮುಟ್ಟೂದಿಲ್ಲ. ಅದರಾಗ ಹತ್ತಿ ಮರುದಿನ ‘ನನಗ ತಲಿ ತಿರಗತೈತಿ, ವಾಪಸ್ ಬಿಡ್ರಿ’ ಅಂದ್ರ ಡೀಸೆಲ್, ಐಸು, ಅಷ್ಟೂ ಮಂದಿ ಕೂಲಿ ಹಾಳು. ಅಂಥಾ ದೋಣಿಗೆ ಅತಿಥಿ ಆಗಿ ಹೋಗೋದೇ ಬ್ಯಾಡ. ಮೀನು ಹಿಡಿಯಾಕ ಲೈಸೆನ್ಸ್ ಇರೋ ದೋಣಿ ಪ್ರವಾಸಿ ದೋಣಿ ಅಲ್ಲ ಅನ್ನೋದೂ ನೆನಪಿರಲಿ. ರೊಕ್ಕ ಕೊಟ್ಟು ಸುತ್ತಬೇಕಂದ್ರ ಪ್ರವಾಸಿಗರಿಗೇ ಅಂತ ಪರವಾನಿಗೆ ಇರೋ ದೋಣಿ ಹತ್ರಿ. ಬಂದರಿನಾಗ ನಿಂತು ‘ಐನೂರು ಕೊಡ್ತೀನಿ, ಕರಕೊಂಡು ಹೋಗು’ ಅಂತ ಮೀನುಗಾರರನ್ನ ಪೀಡಿಸಬ್ಯಾಡ್ರಿ.

ವಾಂತಿ ವಿಷಯ. ಸಮುದ್ರದ ಓಲಾಟಕ್ಕ ಹೊಟ್ಟಿ ತೊಳಸೋದು ಸಹಜ, ಅದರಾಗ ನಾಚಿಕೆ ಏನಿಲ್ಲ. ಹಿಂದಿನ ರಾತ್ರಿ ಮಿರ್ಚಿ ಭಜಿ ಬ್ಯಾಡ, ಶೆರೆಯಂತೂ ಬ್ಯಾಡೇ ಬ್ಯಾಡ. ಬರೇ ಹೊಟ್ಟಿಲೂ ಹೋಗಬ್ಯಾಡ್ರಿ. ಮೊಬೈಲ್ ನೋಡೋದು ಬಿಟ್ಟು ದೂರದಾಗ ನೀರು–ಆಕಾಶ ಕೂಡೋ ಗೆರೆ ನೋಡ್ರಿ. ಗುಳಿಗೆ ಬೇಕಾದ್ರ ಡಾಕ್ಟರ್ ಕೇಳಿ ಮೊದಲೇ ತಗೊಳ್ರಿ. ಬಂತು ಅನಿಸಿದ ಕೂಡಲೇ ಹೇಳ್ರಿ, ಯಾವ ಬಾಜೂಕ್ಕ ಬಗ್ಗಬೇಕು ಅಂತ ಅವರೇ ತೋರಸ್ತಾರ. ಯಾರಿಗೂ ಹೇಳದ ಒಬ್ಬರೇ ಅಂಚಿಗೆ ಹೋಗಿ ಬಗ್ಗಿದಾಗಲೇ ಅಪಾಯ.

ಮೂರನೇದು, ಕೈಜೋಡಿಸೋ ಚಟ.

ಹೊಲಕ್ಕ ಹೋದ್ರ ಸುಮ್ನ ನಿಲ್ಲೂದು ನಮ್ಮ ರೂಢಿ ಅಲ್ಲ. ಒಂದು ಕೈ ಹಚ್ಚೇ ಹಚ್ತೀವಿ. ಆದ್ರ ಬಲೆ ಎಳೆಯೋವಾಗ ಕೇಳದ ಹಗ್ಗಕ್ಕ ಕೈ ಹಾಕಬ್ಯಾಡ್ರಿ. ಬಲೆ ಬಿಡೋವಾಗ ಸುರುಳಿ ಹಗ್ಗ ಭರ್ರಂತ ನೀರಿಗೆ ಓಡತೈತಿ. ಆ ಸುರುಳಿಯೊಳಗ ನಿಮ್ಮ ಕಾಲಿತ್ತು ಅಂದ್ರ ಹಗ್ಗದ ಜೊತಿಗೆ ನೀವೂ. ಹಗ್ಗ ಸುತ್ತೋ ಯಂತ್ರದ ಹತ್ರ ದುಪಟ್ಟಾ, ಟವೆಲ್ಲು, ಇಯರ್‌ಫೋನ್ ವೈರು ಯಾವುದೂ ಜೋತಾಡಬಾರದು. ಕರದ್ರ ಹೋಗ್ರಿ, ಹೇಳಿದಷ್ಟು ಮಾಡ್ರಿ.

ಬಲೆ ತುಳೀಬ್ಯಾಡ್ರಿ. ಕುಂದಗೋಳದಾಗ ಅಂಗಳದ ತುಂಬ ಮೆಣಸಿನಕಾಯಿ ಒಣ ಹಾಕಿರ್ತಾರಲ್ಲ, ಅದರ ಮ್ಯಾಲೆ ಯಾರಾದ್ರೂ ಚಪ್ಪಲ್ ಹಾಕ್ಕೊಂಡು ನಡದ್ರ ಹೆಂಗ ಅನಸತೈತಿ? ಬಲೆ ಅವರ ಬೆಳೆ, ಅವರ ಬಂಡವಾಳ, ಎರಡೂ. ದೋಣಿಯ ಮುಂಭಾಗಕ್ಕ ಹೂವು–ಕುಂಕುಮ ಇರತೈತಿ, ಅಲ್ಲಿ ಕಾಲಿಡೋ ಮುಂಚೆ ಕೇಳ್ರಿ. ಚಪ್ಪಲ್ ಎಲ್ಲಿ ಬಿಡಬೇಕು ಅಂತನೂ ಕೇಳ್ರಿ. ನಮ್ಮ ಹಳ್ಯಾಗ ರಾಶಿ ಅಳೆಯೋವಾಗ ಒಂದು ಅನ್ನೋ ಬದಲು ‘ಲಾಭ’ ಅಂತಾರ, ಕಣದಾಗ ಬಾಯಿಗೆ ಬಂದಂಗ ಮಾತಾಡೂದಿಲ್ಲ. ಬಲೆ ಬೀಸೋ ಮುಂಚೆ ‘ಇವತ್ತ ಏನೂ ಸಿಗೂದಿಲ್ಲ ಕಾಣತೈತಿ’ ಅಂತ ಚೇಷ್ಟೆ ಮಾಡೋದೂ ಅದೇ ಥರ. ಮೀನು ಸಿಗಲಿಲ್ಲ ಅಂದ್ರ ನಮಗ ರೀಲ್ ಇಲ್ಲ, ಅವರಿಗೆ ಕೂಲಿ ಇಲ್ಲ.

ಬಲ್ಯಾಗ ಬಂದದ್ದನ್ನ ಮುಟ್ಟಬ್ಯಾಡ್ರಿ. ತೊರಕೆ ಮೀನಿನ ಬಾಲದಾಗ ವಿಷದ ಮುಳ್ಳು ಇರತೈತಿ. ಸಮುದ್ರದ ಹಾವು ಬಂದ್ರ ಅದಂತೂ ವಿಷದ್ದೇ. ಕಡಲಾಮೆ ಬಂದ್ರ ಮೀನುಗಾರರು ವಾಪಸ್ ಬಿಡ್ತಾರ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನ ಕಾಯತೈತಿ. ‘ಒಂದು ಸೆಲ್ಫಿ, ಒಂದೇ ನಿಮಿಷ’ ಅಂತ ಹಿಡಕೊಂಡು ನಿಲ್ಲಬ್ಯಾಡ್ರಿ.

ಈಗ ತಾಂಡೇಲನ ಮಾತು. ದೋಣಿ ನಡೆಸೋ ಮುಖ್ಯಸ್ಥಗ ಕರಾವಳ್ಯಾಗ ತಾಂಡೇಲ ಅಂತಾರ. ದೋಣ್ಯಾಗ ಅವನ ಮಾತೇ ಕೊನೆ ಮಾತು. ವಯಸ್ಸಿನಾಗ ನಿಮಗಿಂತ ಸಣ್ಣಾಂವ ಇರಬಹುದು, ನಿಮ್ಮಷ್ಟು ಓದಿರಲಿಕ್ಕಿಲ್ಲ. ಆದ್ರೂ ಅವನೇ. ನಮ್ಮ ಕಡೆ ‘ಲೇ’ ಅನ್ನೋದು ಪ್ರೀತಿ, ಅಲ್ಲಿ ಅದು ಬೈಗುಳದಂಗ ಕೇಳಸತೈತಿ. ‘ಅಣ್ಣ’ ಅನ್ರಿ, ‘ನೀವು’ ಅನ್ರಿ. ನಾಕು ಗಂಟೆಗೆ ಬರ್ರಿ ಅಂದ್ರ ನಾಕು ಗಂಟೆ, ನಮ್ಮ ಮದುವಿ ಮುಹೂರ್ತದಂಗ ಅಲ್ಲ. ಸಮುದ್ರದ ನೀರು ಸುಮಾರು ಆರು ತಾಸಿಗೊಮ್ಮೆ ಏರತೈತಿ, ಇಳೀತೈತಿ. ನದಿ ಸಮುದ್ರ ಸೇರೋ ಬಾಯಿಗೆ ಅಳಿವೆ ಅಂತಾರ. ಹೊನ್ನಾವರದ ಶರಾವತಿ ಅಳಿವೆಯಂಥಾ ಕಡೆ ಹೂಳು ತುಂಬಿರತೈತಿ, ನೀರು ಏರಿದಾಗಲೇ ದಾಟಬೇಕು. ನೀವು ಅರ್ಧ ತಾಸು ತಡ ಮಾಡಿದ್ರ ಅವರ ಇಡೀ ದಿನ ಕೆಡಬಹುದು. ‘ಇವತ್ತು ಬೇಡ, ಗಾಳಿ ಸರಿ ಇಲ್ಲ’ ಅಂದ್ರ ಅಲ್ಲಿಗೆ ಮುಗೀತು. ‘ಇಷ್ಟು ದೂರ ಬಂದೀವಿ’ ಅಂತ ಒತ್ತಾಯ ಮಾಡಬ್ಯಾಡ್ರಿ.

ಯಾಕಂದ್ರ ಸಮುದ್ರ ಬಲ್ಲವರನ್ನೂ ಬಿಡೂದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ 7 ಮೀನುಗಾರರ ಸಮೇತ ಕಾಣೆಯಾಯ್ತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ 7 ಮಂದಿ ಮನೆಗೆ ಬರಲಿಲ್ಲ. ತಾಂಡೇಲ ‘ಬೇಡ’ ಅನ್ನೋವಾಗ ಇಂಥಾ ಎಷ್ಟೋ ನೆನಪು ಅವನ ತಲ್ಯಾಗ ಇರ್ತಾವ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರತೈತಿ. ಮೀನು ಮರಿ ಹಾಕೋ ಕಾಲ, ಕಡಲು ಉಗ್ರ ಆಗಿರೋ ಕಾಲ. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಐತಿ, ಆದ್ರ ಅದು ಅವರ ಹೊಟ್ಟಿಪಾಡಿಗೆ, ನಮ್ಮ ಮೋಜಿಗಲ್ಲ. ಮಳಿಗಾಲದಾಗ ಕರೀರಿ ಅಂತ ಕೇಳಲೂ ಬ್ಯಾಡ್ರಿ.

ಮೊಬೈಲ್ ಬಗ್ಗೆ ಎರಡು ಮಾತು. ಹತ್ತೋ ಮುಂಚೆ ದೋಣಿಯ ಹೆಸರು, ನೋಂದಣಿ ಸಂಖ್ಯೆಯ ಫೋಟೋ ತಗದು ಮನಿಗೆ ಕಳಸ್ರಿ. ಯಾವಾಗ ವಾಪಸ್ ಅಂತನೂ ಹೇಳ್ರಿ, ಸಮುದ್ರದಾಗ ನೆಟ್‌ವರ್ಕ್ ಹೋಗತೈತಿ. ಆಧಾರ್ ಕಾರ್ಡ್ ಜೊತಿಗಿರಲಿ. 2008ರ ಮುಂಬೈ ದಾಳಿಯವರು ಬಂದದ್ದು ‘ಕುಬೇರ’ ಅನ್ನೋ ಮೀನುಗಾರಿಕೆ ದೋಣಿಯನ್ನ ಅಪಹರಿಸಿಕೊಂಡು. ಅವತ್ತಿನಿಂದ ದೋಣಿಯಲ್ಲಿ ಅಪರಿಚಿತರು ಕಂಡ್ರ ಪೊಲೀಸರು, ಕೋಸ್ಟ್ ಗಾರ್ಡ್‌ನವರು ವಿಚಾರಿಸ್ತಾರ. ನೀವು ಸಿಕ್ಕಿಬಿದ್ರ ತೊಂದರೆ ಕರಕೊಂಡು ಹೋದವನಿಗೆ. ಕಾರವಾರದಾಗ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಐತಿ. ಆ ಕಡೆ ಕ್ಯಾಮೆರಾ ತಿರುಗಿಸಬ್ಯಾಡ್ರಿ, ಡ್ರೋನ್ ಅಂತೂ ಮನ್ಯಾಗೇ ಇಟ್ಟು ಬರ್ರಿ. ದುಡಿಯೋ ಮಂದಿ ವಿಡಿಯೋ ಮಾಡೋ ಮುಂಚೆ ಅವರನ್ನ ಕೇಳ್ರಿ. ಮೀನು ಎಲ್ಲಿ ಸಿಕ್ತು ಅಂತ ಲೊಕೇಶನ್ ಹಾಕಬ್ಯಾಡ್ರಿ.

ಊಟದ ಮಾತು. ನಮ್ಮ ಮಂದಿಯಾಗ ಮೀನು ತಿನ್ನದವರು ಬಾಳ. ತಿನ್ನದಿದ್ರ ತಿನ್ನಬ್ಯಾಡ್ರಿ, ಆದ್ರ ಮೂಗು ಮುಚ್ಚಬ್ಯಾಡ್ರಿ, ‘ವಾಸನೆ’ ಅನಬ್ಯಾಡ್ರಿ. ಅದು ಅವರ ಅನ್ನ. ಮೊದಲೇ ಹೇಳಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗ್ರಿ. ಅವರಿಗೂ ಆಗೋವಷ್ಟು ಒಯ್ಯಿರಿ. ಖಾಲಿ ಪ್ಲಾಸ್ಟಿಕ್ ವಾಪಸ್ ಚೀಲದಾಗ ತರ್ರಿ.

ದಂಡಿಗೆ ಬಂದ ಮ್ಯಾಲೆ ಅವರಿಗೆ ಗಡಿಬಿಡಿ. ಐಸು ಕರಗೋದ್ರಾಗ ಮೀನು ಇಳೀಬೇಕು, ಹರಾಜು ಆಗಬೇಕು. ಬೇಗ ಇಳಿದು ದಾರಿ ಬಿಡ್ರಿ. ಫುಕಟ್ ಮೀನು ಕೇಳಬ್ಯಾಡ್ರಿ. ಬಹಳ ಕಡೆ ಡೀಸೆಲ್, ಐಸಿನ ಖರ್ಚು, ಮಾಲಕನ ಪಾಲು ತಗದು ಉಳಿದದ್ದನ್ನ ದುಡಿದವರು ಹಂಚಿಕೋತಾರ. ನೀವು ಒಯ್ದ ಬಂಗುಡೆ ಅವರೆಲ್ಲರ ಪಾಲಿನಿಂದ ಹೋಗತೈತಿ. ಅವರಾಗೇ ಕೊಟ್ರ ಎರಡೂ ಕೈಯಿಂದ ತಗೊಳ್ರಿ. ಮುಂದ ಅವರು ನಮ್ಮೂರಿಗೆ ಬಂದಾಗ ಹೊಲಕ್ಕ ಕರಕೊಂಡು ಹೋಗಿ ಸೀತನಿ ಸುಟ್ಟು ಕೊಡ್ರಿ. ಲೆಕ್ಕ ಚುಕ್ತಾ.

ಕೊನೆಗೆ ನಂಬರ್ ಬರಕೊಳ್ರಿ. ಸಮುದ್ರದಾಗ ಅವಘಡ ಆದ್ರ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಯಾವುದೂ ನೆನಪಾಗದಿದ್ರ 112. ಈಗಲೇ ಸೇವ್ ಮಾಡ್ರಿ. ನಿಮ್ಮ ಟ್ರಿಪ್ ಗ್ರೂಪಿನಾಗ ಈ ಸಂಚಿಕೆ ಹಾಕ್ರಿ, ಅದರಾಗೂ ‘ಇನ್ನಿಬ್ಬರು ಹಿಡಸ್ತಾರ, ನಡೀಲೇ’ ಅನ್ನೋ ದೋಸ್ತಗ ಮೊದಲು ಕಳಸ್ರಿ.

ಮುಂದಿನ ವಾರ ಸಿಗೂಣು. ಬರ್ತೀನ್ರಿ.