ಹೊಸ ಕಲ್ಪನೆಗೆ ಮೊದಲ ಕರಡು: ಪೇಟೆಂಟ್ ಕುರಿತ ಮೂಲಪಾಠ



ಹೊಸೂರಿನ ಕನ್ನಡ ಶಾಲೆಯ ಮಗು ಒಂದು ಕಡೆ ಕಾರ್ಖಾನೆಗಳನ್ನೂ ಮತ್ತೊಂದು ಕಡೆ ಕೃಷ್ಣಗಿರಿಯ ಮಾವಿನ ತೋಪುಗಳನ್ನೂ ಕಾಣುತ್ತ ಬೆಳೆಯುತ್ತದೆ. ‘ಇದನ್ನು ಬೇರೆ ರೀತಿಯಲ್ಲಿ ಮಾಡಿದರೆ ಹೇಗೆ?’ ಎಂಬ ಪ್ರಶ್ನೆ ಅಂತಹ ಮಗುವಿನಲ್ಲಿ ಹುಟ್ಟುವುದು ಸಹಜ. ಆ ಪ್ರಶ್ನೆಯನ್ನು ಮೊದಲು ಕೇಳಿಸಿಕೊಳ್ಳುವವರು ಬಹುಮಟ್ಟಿಗೆ ಶಿಕ್ಷಕರೇ. ಆದುದರಿಂದ ಪೇಟೆಂಟಿನ ಮೂಲಾಂಶಗಳನ್ನು ಶಿಕ್ಷಕರು ಅರಿತಿರುವುದು ಅವಶ್ಯ.

ಪೇಟೆಂಟ್ ಎಂಬುದು ಆವಿಷ್ಕಾರಕನಿಗೂ ಸಮಾಜಕ್ಕೂ ನಡುವಿನ ಒಂದು ಒಪ್ಪಂದ. ಆವಿಷ್ಕಾರಕನು ತನ್ನ ಕಲ್ಪನೆಯನ್ನು ಮುಚ್ಚುಮರೆಯಿಲ್ಲದೆ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಅರ್ಜಿಯ ದಿನದಿಂದ 20 ವರ್ಷಗಳವರೆಗೆ, ತನ್ನ ಅನುಮತಿಯಿಲ್ಲದೆ ಅನ್ಯರು ಅದನ್ನು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕು ಅವನಿಗೆ ಲಭಿಸುತ್ತದೆ. ಅವಧಿ ಮುಗಿದ ಮೇಲೆ ಆ ಜ್ಞಾನ ಎಲ್ಲರ ಸೊತ್ತು. ಭಾರತದಲ್ಲಿ ಇದನ್ನು ನಿಯಂತ್ರಿಸುವುದು 1970ರ ಪೇಟೆಂಟ್ ಅಧಿನಿಯಮ.

ಈ ಹಕ್ಕಿಗೆ ಮೂರು ಅರ್ಹತೆಗಳು ಬೇಕು. ಆವಿಷ್ಕಾರವು ಜಗತ್ತಿನಲ್ಲಿ ಎಲ್ಲಿಯೂ ಮೊದಲು ಪ್ರಕಟವಾಗಿರಬಾರದು. ಆ ವಿಷಯವನ್ನು ಬಲ್ಲವನಿಗೆ ಥಟ್ಟನೆ ಹೊಳೆಯುವಂಥದ್ದಾಗಿರಬಾರದು. ಉದ್ಯಮದಲ್ಲಿ ತಯಾರಿಸಲು ಅಥವಾ ಬಳಸಲು ಬರುವಂತಿರಬೇಕು. ಕೃಷಿ ಅಥವಾ ತೋಟಗಾರಿಕೆಯ ವಿಧಾನಕ್ಕೆ ಪೇಟೆಂಟ್ ಇಲ್ಲ. ಆದುದರಿಂದ ಮಾವಿನ ಗಿಡಕ್ಕೆ ಕಸಿ ಕಟ್ಟುವ ಹೊಸ ಕ್ರಮಕ್ಕೆ ಅದು ದೊರೆಯದು. ಮಾವಿನ ತಿರುಳು ತೆಗೆಯುವ ಹೊಸ ಯಂತ್ರಕ್ಕೆ ದೊರೆಯಬಹುದು. ಪಾರಂಪರಿಕ ಜ್ಞಾನಕ್ಕೂ ಪೇಟೆಂಟ್ ಸಲ್ಲದು. ಅರಿಶಿನವು ಗಾಯ ಮಾಯಿಸುತ್ತದೆಂಬುದಕ್ಕೆ ಅಮೆರಿಕದಲ್ಲಿ 1995ರಲ್ಲಿ ನೀಡಲಾಗಿದ್ದ ಪೇಟೆಂಟ್, ಭಾರತದ ಸಿಎಸ್ಐಆರ್ ಹಳೆಯ ಗ್ರಂಥಗಳ ಆಧಾರ ಒದಗಿಸಿ ಪ್ರಶ್ನಿಸಿದ ಮೇಲೆ 1997ರಲ್ಲಿ ರದ್ದಾಯಿತು.

ಬರೆದ ಮಾತಿನ ಬೆಲೆ ಎಷ್ಟೆಂಬುದಕ್ಕೆ ಹೊಸೂರಿನ ಸಮೀಪದ ನಿದರ್ಶನವೇ ಇದೆ. ಇಲ್ಲಿ ಕಾರ್ಖಾನೆಯುಳ್ಳ ಟಿವಿಎಸ್ ಮೋಟಾರ್ ಸಂಸ್ಥೆಯು 2007ರಲ್ಲಿ ‘ಫ್ಲೇಮ್’ ಎಂಬ 125 ಸಿಸಿ ಬೈಕನ್ನು ಹೊರತರಲು ಮುಂದಾದಾಗ, ಸಣ್ಣ ಎಂಜಿನ್ನಿನಲ್ಲಿ ಎರಡು ಸ್ಪಾರ್ಕ್ ಪ್ಲಗ್ ಬಳಸುವ ತನ್ನ ಪೇಟೆಂಟ್ ಉಲ್ಲಂಘನೆಯಾಯಿತೆಂದು ಬಜಾಜ್ ಆಟೋ ವಾದಿಸಿತು. ತನ್ನ ಎಂಜಿನ್ನಿಗೆ ಮೂರು ವಾಲ್ವ್‌ಗಳಿವೆ, ಜೋಡಿ ಪ್ಲಗ್ ಹಿಂದೆಯೇ ತಿಳಿದಿದ್ದ ಸಂಗತಿ ಎಂಬುದು ಟಿವಿಎಸ್‌ನ ಉತ್ತರ. ಮದ್ರಾಸ್ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2008ರಲ್ಲಿ ತಡೆಯಾಜ್ಞೆ ನೀಡಿತು. 2009ರಲ್ಲಿ ವಿಭಾಗೀಯ ಪೀಠ ಅದನ್ನು ತೆರವುಗೊಳಿಸಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಇಂತಹ ಮೊಕದ್ದಮೆಗಳು ಶೀಘ್ರವಾಗಿ ಇತ್ಯರ್ಥವಾಗಬೇಕೆಂದಿತು. ಎರಡೂ ಸಂಸ್ಥೆಗಳು ವ್ಯಾಜ್ಯವನ್ನು ಕೈಬಿಟ್ಟದ್ದು 2019ರಲ್ಲಿ. ಒಂದೇ ಪೇಟೆಂಟಿನ ವಾಕ್ಯಗಳನ್ನು ಹೇಗೆ ಓದಬೇಕೆಂಬುದೇ ಇಷ್ಟು ವರ್ಷಗಳ ವಾದದ ತಿರುಳಾಗಿತ್ತು.

ಶಾಲೆಯಲ್ಲಿ ಗಮನಿಸಬೇಕಾದ ಅಪಾಯವೊಂದಿದೆ. ಅರ್ಜಿ ಸಲ್ಲಿಸುವ ಮೊದಲೇ ಮಾದರಿಯನ್ನು ವಿಜ್ಞಾನ ಪ್ರದರ್ಶನದಲ್ಲಿಟ್ಟು ವಿವರಿಸಿದರೆ, ಪತ್ರಿಕೆಯಲ್ಲಿ ಪ್ರಕಟಿಸಿದರೆ, ಅದರ ಹೊಸತನವೇ ನಷ್ಟವಾಗಬಹುದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಉಂಟು. ಎಲ್ಲ ಶಾಲಾ ಪ್ರದರ್ಶನಗಳಿಗೂ ಅದು ಅನ್ವಯಿಸುತ್ತದೆಂದು ಭಾವಿಸಬಾರದು. ಮಗುವನ್ನು ಮೆಚ್ಚಿ ವೇದಿಕೆಗೆ ಕರೆತರುವ ಶಿಕ್ಷಕರೇ ತಿಳಿಯದೆ ಆ ಮಗುವಿನ ಹಕ್ಕಿಗೆ ಕುಂದು ತರುವಂತಾಗಬಾರದು. ಅಂತೆಯೇ, ಅರ್ಜಿಯಲ್ಲಿ ಆವಿಷ್ಕಾರಕನೆಂದು ನಮೂದಾಗಬೇಕಾದುದು ಕಲ್ಪನೆ ಯಾರದೋ ಅವರ ಹೆಸರು, ಮಾರ್ಗದರ್ಶಕರದಲ್ಲ.

ಪೂರ್ಣ ಸಿದ್ಧತೆಯಿಲ್ಲದವರು ಮೊದಲು ತಾತ್ಕಾಲಿಕ ವಿವರಣಪತ್ರ ಸಲ್ಲಿಸಿ ದಿನಾಂಕವನ್ನು ಕಾಯ್ದಿರಿಸಬಹುದು. 12 ತಿಂಗಳೊಳಗೆ ಪೂರ್ಣ ವಿವರಣಪತ್ರ ಸಲ್ಲಿಸಬೇಕು. ಸಾಮಾನ್ಯವಾಗಿ 18 ತಿಂಗಳ ಅನಂತರ ಅರ್ಜಿ ಪ್ರಕಟವಾಗುತ್ತದೆ. ಪರೀಕ್ಷಣೆಗಾಗಿ ಪ್ರತ್ಯೇಕ ಕೋರಿಕೆ ಬೇಕು. 2024ರ ನಿಯಮಗಳಂತೆ ಅದರ ಗಡುವು 31 ತಿಂಗಳು. ತಮಿಳುನಾಡಿನ ಅರ್ಜಿಗಳು ಚೆನ್ನೈನ ಗಿಂಡಿಯಲ್ಲಿರುವ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ದಾಖಲೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂಬುದು ನಿಯಮ. ಹಾಗೆಂದು ಕನ್ನಡ ಮಾಧ್ಯಮದ ಮಗು ಹಿಂಜರಿಯಬೇಕಿಲ್ಲ. ಭಾಷಾಂತರ ಕೊನೆಯ ಹಂತ. ನಿಖರವಾದ ಆಲೋಚನೆ ಮೊದಲ ಹಂತ. ಅದು ತಾಯ್ನುಡಿಯಲ್ಲಿಯೇ ಗಟ್ಟಿಗೊಳ್ಳುತ್ತದೆ. ಕನ್ನಡದಲ್ಲಿ ಅಸ್ಪಷ್ಟವಾಗಿರುವುದು ಇಂಗ್ಲಿಷಿಗೆ ಹೋದೊಡನೆ ಸ್ಪಷ್ಟವಾಗದು.

ಇದಕ್ಕೆ ತರಗತಿಯಲ್ಲಿ ಒಂದು ಸರಳ ಚಟುವಟಿಕೆ ಸಾಕು. ಈಳಿಗೆ ಮಣೆಯನ್ನೋ ಕುಡುಗೋಲನ್ನೋ ಒಬ್ಬ ವಿದ್ಯಾರ್ಥಿ ಹತ್ತು ವಾಕ್ಯಗಳಲ್ಲಿ, ಹೆಸರು ಹೇಳದೆ ವರ್ಣಿಸಲಿ. ವಸ್ತುವನ್ನು ಕಾಣದ ಇನ್ನೊಬ್ಬ ಅದನ್ನು ಓದಿ ಚಿತ್ರ ಬರೆಯಲಿ. ಚಿತ್ರ ಎಲ್ಲಿ ತಪ್ಪಿತೋ ಅಲ್ಲಿ ವಾಕ್ಯವನ್ನು ತಿದ್ದಲಿ. ಬಳಿಕ ‘ಇದರಲ್ಲಿ ಹೊಸದಾಗಿ ಏನನ್ನು ಸೇರಿಸಬಹುದು?’ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದು, ದಿನಾಂಕ ಹಾಕಿ, ಪುಸ್ತಕದಲ್ಲಿ ಇಡಲಿ. ಆ ಒಂದು ವಾಕ್ಯವೇ ಮುಂದೆ ಹಕ್ಕುಕೋರಿಕೆಯ ಬೀಜವಾದೀತು. ಆಗದಿದ್ದರೂ ಮಗುವಿಗೆ ಒಳ್ಳೆಯ ಕನ್ನಡ ಗದ್ಯವಂತೂ ಕೈವಶವಾಗಿರುತ್ತದೆ.