ಅಕಾರ್ಡಿಯನ್: ಹೊರಗಿನ ಹೆಸರು, ಒಳಗಿನ ಕೆಲಸ

ಹಳೆಯ ಅಕಾರ್ಡಿಯನ್ನಿನ ಮೇಲೆ ಹೊಳೆಯುವ ಹೆಸರಿಗೂ ಅದನ್ನು ತಯಾರಿಸಿದ ಕೈಗಳಿಗೂ ಅನೇಕ ವೇಳೆ ಸಂಬಂಧವೇ ಇರುವುದಿಲ್ಲ. ಯಾರೂ ಕೇಳದ ಹೆಸರೆಂದು ವಾದ್ಯವನ್ನು ತಳ್ಳಿಹಾಕುವುದೂ, ಪ್ರಸಿದ್ಧ ಹೆಸರೆಂದು ಕಣ್ಣುಮುಚ್ಚಿ ಕೊಳ್ಳುವುದೂ ಒಂದೇ ಬಗೆಯ ದುಡುಕು.

ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ವಿಯೆನ್ನಾದ ಸಿರಿಲ್ ಡೆಮಿಯನ್ ಈ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1829ರಲ್ಲಿ. ಇಟಲಿಯ ಕಾಸ್ಟೆಲ್‌ಫಿದಾರ್ದೊ ಎಂಬ ಪುಟ್ಟ ಊರಿನಲ್ಲಿ ಪಾವೊಲೊ ಸೊಪ್ರಾನಿ 1863ರಲ್ಲಿ ತಯಾರಿಕೆ ಆರಂಭಿಸಿದ. ಕ್ರಮೇಣ ಇಡೀ ಊರೇ ಈ ಕಸುಬಿಗೆ ಇಳಿಯಿತು. ಒಬ್ಬರು ರೀಡು ಮಾಡಿದರೆ ಮತ್ತೊಬ್ಬರು ತಿದಿ ಮಾಡುವರು. ಇನ್ನೊಬ್ಬರು ಎಲ್ಲವನ್ನೂ ಜೋಡಿಸುವರು. ಅಮೆರಿಕದ ವ್ಯಾಪಾರಿಗಳು ಅಲ್ಲಿಂದ ವಾದ್ಯ ತರಿಸಿ, ತಮ್ಮ ಅಂಗಡಿಯ ಹೆಸರು ಹಾಕಿಸಿ ಮಾರಿದರು. ಹೀಗೆ ಒಂದೇ ಕಾರ್ಖಾನೆಯ ಸರಕು ಹಲವು ಹೆಸರುಗಳಲ್ಲಿ ಲೋಕ ಸುತ್ತಿತು. ಹೆಸರಾಂತ ಕಂಪನಿಗಳೂ ಇದಕ್ಕೆ ಹೊರತಲ್ಲ: ಸೆತ್ತಿಮಿಯೊ ಸೊಪ್ರಾನಿ, ಸ್ಕಂದಲ್ಲಿ, ಫ್ರಂಟಾಲಿನಿ ಕಂಪನಿಗಳು 1946ರಲ್ಲಿ ಫರ್ಫಿಸಾ ಎಂಬ ಒಂದೇ ಸಂಸ್ಥೆಯಾಗಿ ಕೂಡಿಕೊಂಡವು.

ಹಾಗಾದರೆ ಗುಣವನ್ನು ಅಳೆಯುವುದು ಹೇಗೆ? ನಮ್ಮ ಕಂಪನಿ ನಾಟಕಗಳ ಹಾರ್ಮೋನಿಯಂ ಬಲ್ಲವರಿಗೆ ಉತ್ತರ ಕಷ್ಟವಲ್ಲ. ಎರಡರ ಜೀವವೂ ರೀಡಿನಲ್ಲಿದೆ. ಅಕಾರ್ಡಿಯನ್ನಿನಲ್ಲಿ ತಿದಿ ಹಿಗ್ಗುವಾಗ ಒಂದು, ಕುಗ್ಗುವಾಗ ಒಂದು ನಾಲಿಗೆ ನುಡಿಯಬೇಕು. 41 ಕೀಲಿಗಳ, ನಾಲ್ಕು ಸಾಲು ರೀಡುಗಳ ವಾದ್ಯದ ಬಲಗೈ ಭಾಗದಲ್ಲೇ 328 ನಾಲಿಗೆಗಳಿರುತ್ತವೆ. ಅವುಗಳಲ್ಲಿ ಹತ್ತಾರು ತುಕ್ಕು ಹಿಡಿದಿದ್ದರೆ ದುರಸ್ತಿಯ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು.

ಆದ್ದರಿಂದ ಮೊದಲು ಯಾವ ಕೀಲಿಯನ್ನೂ ಒತ್ತದೆ ತಿದಿಯನ್ನು ಮೆಲ್ಲಗೆ ಎಳೆದು ನೋಡಬೇಕು. ಸಲೀಸಾಗಿ ತೆರೆದುಕೊಂಡರೆ ಗಾಳಿ ಸೋರುತ್ತಿದೆ ಎಂದರ್ಥ. ಬಳಿಕ ಪ್ರತಿ ಕೀಲಿಯನ್ನೂ ಎರಡು ದಿಕ್ಕಿನಲ್ಲೂ ನುಡಿಸಬೇಕು. ಮುಗ್ಗಲು ವಾಸನೆ ಬಂದರೆ ಎಚ್ಚರ. ಬಲ್ಲವರಿಂದ ಒಳಭಾಗ ತೆರೆಸಿದರೆ ಮತ್ತಷ್ಟು ತಿಳಿಯುತ್ತದೆ: ರೀಡುಗಳನ್ನು ಹಿಡಿದಿಟ್ಟ ಮೇಣ ಬಿರುಕು ಬಿಟ್ಟಿದೆಯೇ, ಚರ್ಮದ ಪಟ್ಟಿಗಳು ಸುರುಟಿವೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಕೆಲವೊಮ್ಮೆ ಮರದ ಮೇಲೆ ಪೆನ್ಸಿಲಿನಿಂದ ಬರೆದ ಅಂಕಿಯೋ, ತಾರೀಖೋ ಸಿಗುವುದುಂಟು.

ಹೊರಗಿನ ಹೆಸರು ವ್ಯಾಪಾರಿ ಕೊಟ್ಟದ್ದು. ಒಳಗಿನ ಆ ಗುರುತು ಕೆಲಸಗಾರ ಬಿಟ್ಟುಹೋದದ್ದು. ವಾದ್ಯದ ಊರು ಹುಡುಕುವವರಿಗೆ ಎರಡನೆಯದೇ ಹೆಚ್ಚು ನಂಬಿಕೆಯ ಸಾಕ್ಷಿ.