ಸಂಗೀತ ಕಾಲೇಜಿಗೆ ಹೊರಡುವ ಮುನ್ನ



ಅಜ್ಜಂಪುರದ ರೈಲು ನಿಲ್ದಾಣದಲ್ಲಿ ಉತ್ತರಕ್ಕೆ ಹೋಗುವ ಗಾಡಿ ಹತ್ತಿದರೆ ದಾವಣಗೆರೆ, ಹಾವೇರಿ ದಾಟಿ ಹುಬ್ಬಳ್ಳಿ, ಧಾರವಾಡ ಸೇರಬಹುದು. ದಕ್ಷಿಣಕ್ಕೆ ಹೊರಟರೆ ಬೀರೂರು, ಕಡೂರು, ಅರಸೀಕೆರೆ. ಅಲ್ಲಿಂದ ಹಾಸನದ ಮೇಲೆ ಮೈಸೂರು. ತರೀಕೆರೆಯವರೂ ಬೀರೂರಿಗೆ ಬಂದರೆ ಇದೇ ಹಳಿ. ಒಂದು ತುದಿಯಲ್ಲಿ ಹಿಂದೂಸ್ತಾನಿ ಸಂಗೀತದ ನೆಲ, ಇನ್ನೊಂದು ತುದಿಯಲ್ಲಿ ಕರ್ನಾಟಕ ಸಂಗೀತದ ನೆಲ. ನಮ್ಮ ಈ ಮೂರು ಊರುಗಳು ಎರಡರ ನಡುವೆ ಇವೆ.

ಈ ಊರುಗಳಲ್ಲಿ ದ್ವಿತೀಯ ಪಿ.ಯು. ಓದುತ್ತಾ, ಮುಂದೆ ಸಂಗೀತವನ್ನೇ ಓದಬೇಕು ಎಂದು ಮನಸ್ಸಿನಲ್ಲಿ ಇಟ್ಟುಕೊಂಡು, ಅದನ್ನು ಮನೆಯಲ್ಲಿ ಹೇಗೆ ಹೇಳಲಿ ಎಂದು ಯೋಚಿಸುತ್ತಿರುವ ಹುಡುಗ ಹುಡುಗಿಯರು ಕೆಲವರಾದರೂ ಇದ್ದಾರೆ. ಇಂದಿನ ನನ್ನ ಮಾತು ಮುಖ್ಯವಾಗಿ ಅವರಿಗೆ.

ಮೊದಲು ನಿಮ್ಮದೇ ಸೀಮೆಯ ಒಬ್ಬರನ್ನು ನೆನೆಯೋಣ. ಕಡೂರಿನ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಲಂಬಾಣಿ ಕುಟುಂಬವೊಂದರಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಎಂಟನೆಯ ವಯಸ್ಸಿಗೆ ಆ ಮಗು ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಶಿಷ್ಯೆಯಾಯಿತು. ಅವರೇ ಮುಂದೆ ನಾಟ್ಯ ವಿದುಷಿ ಡಾ. ಕೆ. ವೆಂಕಟಲಕ್ಷಮ್ಮ ಎಂದು ಹೆಸರಾದರು. ನೃತ್ಯದ ಜೊತೆಗೆ ಸಂಸ್ಕೃತವನ್ನೂ ಸಂಗೀತವನ್ನೂ ಕಲಿತರು. 1939ರಲ್ಲಿ ಮೈಸೂರು ಆಸ್ಥಾನದ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಅಲ್ಲಿನ ಮೊದಲ ರೀಡರ್ ಆದರು. 1992ರಲ್ಲಿ ಅವರಿಗೆ ಪದ್ಮಭೂಷಣ ಬಂತು. ತಾಂಡ್ಯದಿಂದ ಹೊರಟವರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರೆಗೆ ಐವತ್ತು ವರ್ಷ ಕಳೆದಿದ್ದವು. ಆ ಐವತ್ತು ವರ್ಷವೂ ಅಭ್ಯಾಸದ ವರ್ಷಗಳೇ.

ಇನ್ನು ಹಳಿಯ ಆ ಕಡೆಗೆ ಬನ್ನಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡವರು ಗಂಗೂಬಾಯಿ ಹಾನಗಲ್. ಕುಂದಗೋಳದಲ್ಲಿ ಹಾದುಹೋಗುವ ಆ ಹಳಿಯೇ ಅಜ್ಜಂಪುರಕ್ಕೂ ಬರುತ್ತದೆ. ಗಂಟಲಿನ ಚಿಕಿತ್ಸೆಯ ನಂತರ ಅವರ ಧ್ವನಿ ಗಂಡಸಿನ ಧ್ವನಿಯಂತೆ ಭಾರವಾಯಿತು. ಅವರು ಹಳೆಯ ಧ್ವನಿಗಾಗಿ ಕೊರಗುತ್ತಾ ಕೂರಲಿಲ್ಲ. ಬಂದ ಧ್ವನಿಯನ್ನೇ ಸಾಧಿಸಿದರು. ಕಾಲೇಜಿನ ಮೆಟ್ಟಿಲು ಹತ್ತದ ಅವರ ಹೆಸರನ್ನೇ ಇಂದು ಮೈಸೂರಿನ ರಾಜ್ಯ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಹೊತ್ತಿದೆ.

ಅವರ ಕಾಲದಲ್ಲಿ ಗುರುವಿನ ಮನೆಯ ಬಾಗಿಲಿತ್ತು. ನಿಮ್ಮ ಕಾಲದಲ್ಲಿ ಅರ್ಜಿ, ಅಂಕಪಟ್ಟಿ, ಸಂದರ್ಶನ ಇವೆ. ಆದರೆ ಬಾಗಿಲ ಒಳಗೆ ಕುಳಿತವರು ನೋಡುವುದು ಅಂದೂ ಇಂದೂ ಒಂದನ್ನೇ: ಈ ಮಗುವಿಗೆ ಕಲಿಸಬಹುದೇ?

ಈಗ ದಾರಿಗಳನ್ನು ನೋಡೋಣ. ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಸಂಗೀತವನ್ನೇ ಪ್ರಧಾನವಾಗಿ ಓದುವ ಪದವಿ. ಇನ್ನೊಂದು, ಬಿ.ಎ.ಯಲ್ಲಿ ಭಾಷೆ, ಇತಿಹಾಸದಂತಹ ವಿಷಯಗಳ ಜೊತೆಗೆ ಸಂಗೀತವನ್ನೂ ಐಚ್ಛಿಕವಾಗಿ ಓದುವುದು. ಎರಡನೆಯದು ಕೀಳು ಎಂದು ತಿಳಿಯಬೇಡಿ. ಮನೆಯಲ್ಲಿ ಕಷ್ಟವಿದ್ದು, ಬೇಗ ಬೇರೊಂದು ಕೆಲಸಕ್ಕೂ ಅರ್ಹತೆ ಬೇಕು ಎನ್ನುವವರಿಗೆ ಅದೇ ಸರಿಯಾದ ದಾರಿಯಾಗಬಹುದು. ಯಾವ ಕಾಲೇಜಿನಲ್ಲಿ ಯಾವ ಪದ್ಧತಿಯ ಗಾಯನವಿದೆ, ಯಾವ ವಾದ್ಯವಿದೆ, ಹಾಸ್ಟೆಲ್ ಇದೆಯೇ, ಅರ್ಜಿಗೆ ಕೊನೆಯ ದಿನ ಯಾವುದು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿ. ಹಾಡು ಬಂದರೂ ಕಾಗದ ಇಲ್ಲದೆ ಹಿಂದೆ ಬಂದವರನ್ನು ನಾನು ಕಂಡಿದ್ದೇನೆ.

ಹಿಂದೂಸ್ತಾನಿಯೋ ಕರ್ನಾಟಕವೋ ಎಂದು ನಮ್ಮ ಭಾಗದ ಮಕ್ಕಳು ಆಗಾಗ ಕೇಳುತ್ತಾರೆ. ಯಾವುದು ದೊಡ್ಡದು ಎಂಬ ಪ್ರಶ್ನೆಯೇ ಬೇಡ. ಈಗಾಗಲೇ ಯಾವುದರಲ್ಲಿ ಪಾಠವಾಗಿದೆಯೋ, ಯಾವುದರ ಗುರುಗಳು ನಿಮಗೆ ದೊರೆತಿದ್ದಾರೋ, ಅದರಲ್ಲಿ ಮುಂದುವರಿಯಿರಿ. ಮಾಯಾಮಾಳವಗೌಳದಲ್ಲಿ ಸರಳೆ ಕಲಿತವರು ಅರ್ಜಿ ಹಾಕುವ ವರ್ಷದಲ್ಲಿ ಅವಸರದಿಂದ ಖ್ಯಾಲಿಗೆ ಹಾರಿದರೆ ಎರಡೂ ಕೈಗೆ ಸಿಗುವುದಿಲ್ಲ.

ಇನ್ನು ದಿನಚರಿ. ಒಂದು ಕಡೆ ಮಾರ್ಚ್ ಆಸುಪಾಸಿನ ಪಿ.ಯು. ಪರೀಕ್ಷೆ, ಇನ್ನೊಂದು ಕಡೆ ಸಾಧನೆ. ಬೆಳಗ್ಗೆ ಬಸ್ಸೋ ರೈಲೋ ಹಿಡಿಯಬೇಕು, ಸಂಜೆ ಮನೆಗೆ ಬರುವಾಗ ಕತ್ತಲು. ಅಂಥವರಿಗೆ ದಿನಕ್ಕೆ ನಾಲ್ಕು ಗಂಟೆ ಸಾಧನೆ ಮಾಡಿ ಎಂದು ಹೇಳುವುದು ಸುಲಭ, ನಡೆಸುವುದು ಕಷ್ಟ. ನಾನು ಹೇಳುವುದು ಇಷ್ಟೇ: ಬೆಳಗ್ಗೆ ಒಂದು ಗಂಟೆ ಬಿಡದೆ ಹಾಡಿ. ಮೊದಲ ಹತ್ತು ನಿಮಿಷ ಶ್ರುತಿಯ ಜೊತೆ ಮಂದ್ರದಲ್ಲಿ ನಿಧಾನವಾಗಿ ಅಕಾರ. ಆಮೇಲೆ ಅಲಂಕಾರಗಳು, ಕೈಯಲ್ಲಿ ತಾಳ ಹಾಕಿಕೊಂಡು. ಆಮೇಲೆ ಒಂದು ವರ್ಣ, ಎರಡು ಕಾಲದಲ್ಲಿ. ಉಳಿದ ಸಮಯಕ್ಕೆ ಒಂದು ಕೃತಿ. ಹಿಂದೂಸ್ತಾನಿಯವರು ಅಲಂಕಾರದ ನಂತರ ಒಂದೇ ರಾಗ ಹಿಡಿದು ಆಲಾಪ, ಬಂದೀಶ್, ತಾನುಗಳನ್ನು ಅಭ್ಯಾಸ ಮಾಡಲಿ. ರೈಲಿನಲ್ಲಿ ಕುಳಿತಾಗ ಬಾಯಿ ಬಿಡಬೇಕಾಗಿಲ್ಲ. ಬೆರಳಿನಲ್ಲಿ ಆದಿತಾಳದ ಎಂಟು ಅಕ್ಷರ ಎಣಿಸುತ್ತಾ ಸಾಹಿತ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ಪರೀಕ್ಷೆಯ ತಿಂಗಳಲ್ಲಿ ಆ ಒಂದು ಗಂಟೆ ಅರ್ಧ ಗಂಟೆಯಾಗಲಿ, ಆದರೆ ನಿಲ್ಲದಿರಲಿ.

ಸಂದರ್ಶನದಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ನಾನೂ ತರೀಕೆರೆಯಲ್ಲಿ ಓದಿದವನು. ಮೊದಲ ಸಲ ಆಯ್ಕೆಗೆ ಹೋದಾಗ, ಕೇಳುವವರು ಬೆರಗಾಗಬೇಕೆಂದು ದೊಡ್ಡ ಕೃತಿಯೊಂದನ್ನು ಕಲಿತು ಹೋಗಿದ್ದೆ. ನನ್ನ ಶ್ರುತಿಗಿಂತ ಒಂದು ಮನೆ ಎತ್ತರದಲ್ಲಿ ಹಾಡಲು ಹೊರಟೆ. ಅನುಪಲ್ಲವಿಯಲ್ಲಿ ಗಂಟಲು ಕಟ್ಟಿತು. ಪರೀಕ್ಷಕರು ಸಮಾಧಾನವಾಗಿಯೇ, “ಅದು ಇರಲಿ ಬಿಡಪ್ಪ. ಒಂದು ಅಲಂಕಾರ ಹೇಳು, ಎರಡನೇ ಕಾಲದಲ್ಲಿ” ಎಂದರು. ವರ್ಷವಿಡೀ ಅಲಂಕಾರ ಮುಟ್ಟಿರಲಿಲ್ಲ. ತಾಳ ತಪ್ಪಿತು. ಆ ವರ್ಷ ನನಗೆ ಸೀಟು ಸಿಗಲಿಲ್ಲ. ತಪ್ಪು ಅವರದಲ್ಲ, ನನ್ನದು. ನಾನು ಕಛೇರಿ ಮಾಡಲು ಹೋಗಿದ್ದೆ. ಅವರು ವಿದ್ಯಾರ್ಥಿಯನ್ನು ಹುಡುಕುತ್ತಿದ್ದರು. ಒಂದು ವರ್ಷ ಊರಿನಲ್ಲೇ ಉಳಿದು ಸರಳೆಯಿಂದ ಮತ್ತೆ ಆರಂಭಿಸಿದೆ. ಮರು ವರ್ಷ ಸಣ್ಣದೊಂದು ಕೃತಿ ಹಾಡಿದೆ, ನನ್ನದೇ ಶ್ರುತಿಯಲ್ಲಿ. ಅವರು ತಲೆದೂಗಿದರು.

ಆದ್ದರಿಂದ ನಿಮಗೆ ಚೆನ್ನಾಗಿ ಬರುವುದನ್ನೇ ಹಾಡಿ. ಅವರು ಒಂದು ಸ್ವರಗುಚ್ಛ ಹಾಡಿ, “ಹೇಳಮ್ಮ” ಎಂದಾಗ ಗಮನವಿಟ್ಟು ಕೇಳಿ, ಕೇಳಿದಷ್ಟನ್ನೇ ಹೇಳಿ. ಗೊತ್ತಿಲ್ಲದ ರಾಗದ ಬಗ್ಗೆ ಕೇಳಿದರೆ, “ಇನ್ನೂ ಪಾಠವಾಗಿಲ್ಲ ಸರ್” ಎನ್ನಿ. ಅದರಿಂದ ಯಾವ ಅಂಕವೂ ಹೋಗುವುದಿಲ್ಲ. ಗೊತ್ತಿದೆ ಎಂದು ನಟಿಸಿದರೆ ಹೋಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಸಂದರ್ಶನ ಮನೆಯಲ್ಲಿ ನಡೆಯುತ್ತದೆ. ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವ ರೈತರೊಬ್ಬರು ತಮ್ಮ ಮಗಳನ್ನು ನನ್ನ ಬಳಿ ಪಾಠಕ್ಕೆ ಬಿಡುತ್ತಿದ್ದರು. ಅವಳು ಸಂಗೀತವನ್ನೇ ಓದುತ್ತೇನೆ ಎಂದಾಗ ನನ್ನ ಮನೆಗೆ ಬಂದು, “ಮೇಷ್ಟ್ರೇ, ಹಾಡಿಂದ ಹೊಟ್ಟೆ ತುಂಬ್ತದಾ?” ಎಂದರು. ಬೆಲೆ ಬಿದ್ದ ವರ್ಷ ಗದ್ದೆಯಲ್ಲೇ ಬೆಳೆ ಬಿಟ್ಟವರು ಅವರು. ಅವರ ಪ್ರಶ್ನೆಯಲ್ಲಿ ಸಿಟ್ಟು ಇರಲಿಲ್ಲ, ಭಯ ಇತ್ತು. ನಾನು ಸುಳ್ಳು ಹೇಳಲಿಲ್ಲ. ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆಗಳು ಕಡಿಮೆ. ಕಾಲೇಜಿನಲ್ಲಿ ಉಪನ್ಯಾಸಕಿಯಾಗಲು ಸ್ನಾತಕೋತ್ತರ ಪದವಿ ಬೇಕು, ನೆಟ್‌ನಂತಹ ಪರೀಕ್ಷೆ ಬೇಕು. ಆಕಾಶವಾಣಿ ಧ್ವನಿಪರೀಕ್ಷೆ ನಡೆಸಿ ಕಲಾವಿದರಿಗೆ ಶ್ರೇಣಿ ಕೊಡುತ್ತದೆ. ಭದ್ರಾವತಿಯ ಕೇಂದ್ರ ನಮಗೆ ಹತ್ತಿರವೇ ಇದೆ. ಆದರೆ ಶ್ರೇಣಿ ಎಂದರೆ ಸಂಬಳವಲ್ಲ. ಮನೆಪಾಠವನ್ನು ನಂಬಿ ಜೀವನ ನಡೆಸುವವರು ಹೆಚ್ಚು. ಇದನ್ನೆಲ್ಲ ಮಗಳ ಎದುರಿಗೇ ಹೇಳಿದೆ. ಅವಳು ಬಿ.ಎ.ಯಲ್ಲಿ ಕನ್ನಡದ ಜೊತೆಗೆ ಸಂಗೀತ ತೆಗೆದುಕೊಳ್ಳುತ್ತೇನೆ, ಬಿ.ಎಡ್. ಕೂಡ ಮಾಡುತ್ತೇನೆ ಎಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಅರ್ಜಿ ಹಾಕು” ಎಂದರು.

ಆ ಹುಡುಗಿ ಅಪ್ಪನ ಭಯವನ್ನು ಹಳ್ಳಿಗಾಡಿನ ಅಜ್ಞಾನ ಎಂದುಕೊಳ್ಳಲಿಲ್ಲ. ಅದಕ್ಕೆ ಉತ್ತರ ಹುಡುಕಿದಳು. ನೀವೂ ಹಾಗೆ ಮಾಡಿ. ಖರ್ಚು ಎಷ್ಟು, ವಿದ್ಯಾರ್ಥಿವೇತನ ಸಿಗುವುದೇ, ಮೂರ್ನಾಲ್ಕು ವರ್ಷದ ಮೇಲೆ ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅಪ್ಪ ಅಮ್ಮನ ಮುಂದೆ ಕುಳಿತುಕೊಳ್ಳಿ. ಹಟಕ್ಕಿಂತ ಲೆಕ್ಕಕ್ಕೆ ತೂಕ ಹೆಚ್ಚು.

ಕೊನೆಯದಾಗಿ ಒಂದು ಮಾತು. ಪಟ್ಟಿಯಲ್ಲಿ ನಿಮ್ಮ ಹೆಸರು ಬರಬಹುದು, ಬಾರದೆ ಇರಬಹುದು. ಬಾರದಿದ್ದರೆ ಎರಡು ದಿನ ಬೇಸರಪಡಿ, ಅದು ಸಹಜ. ಮೂರನೆಯ ದಿನ ಬೆಳಗ್ಗೆ ಶ್ರುತಿ ಹಚ್ಚಿ ಕೂರಬೇಕು ಅನ್ನಿಸಿತೇ? ಅನ್ನಿಸಿದರೆ ಸಂಗೀತ ನಿಮ್ಮದು. ಕಾಲೇಜು ಇಂದಲ್ಲ ನಾಳೆ ಸಿಗುತ್ತದೆ. ಅನ್ನಿಸದಿದ್ದರೆ ಅದೂ ತಪ್ಪಲ್ಲ. ಬೇರೆ ಓದು ಓದಿ, ಒಳ್ಳೆಯ ಕೇಳುಗರಾಗಿ. ಈ ಒಂದು ವರ್ಷ ನಿಮ್ಮ ಬಗ್ಗೆ ನಿಮಗೆ ಇಷ್ಟು ಸತ್ಯ ತಿಳಿಸಿದರೆ ಅದು ಹಾಳಾಗಲಿಲ್ಲ.

ನಾಳೆ ಬೆಳಗ್ಗೆಯ ಒಂದು ಗಂಟೆಯನ್ನು ಮರೆಯಬೇಡಿ. ನಿಮಗೆಲ್ಲ ಶುಭವಾಗಲಿ.